ಮಗು ಧಾರವಾಡದಲ್ಲಿ, ಅಪ್ಪ ಪುಣೆಯಲ್ಲಿ: ಕಸ್ಟಡಿಗೆ ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು?

ಕಸ್ಟಡಿ ವಿಷಯಕ್ಕೆ ನಮ್ಮ ವಕೀಲಿ ಕಚೇರಿಗೆ ಬರುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತದೆ. ಅದರೊಳಗೆ ಲಗ್ನಪತ್ರಿಕೆ, ಮದುವೆ ಫೋಟೊ, ವಾಟ್ಸಾಪ್ ಜಗಳದ ಪ್ರಿಂಟೌಟು, ಆಸ್ಪತ್ರೆ ಚೀಟಿ ಎಲ್ಲವೂ ಇರುತ್ತವೆ. ಮೊದಲ ಅರ್ಧ ಗಂಟೆ ಗಂಡ ಎಂಥವನು, ಅತ್ತೆ ಎಂಥವರು ಎಂಬ ಕಥೆ. ಅದನ್ನು ಕೇಳಿಸಿಕೊಳ್ಳಲೇಬೇಕು, ಕೇಳಿಸಿಕೊಳ್ಳುತ್ತೇನೆ. ಮುಗಿದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಕೂಸು ಈಗ ಯಾವ ಸಾಲಿಗೆ ಹೋಗ್ತದ?"

ಎಷ್ಟೋ ಜನಕ್ಕೆ ಈ ಪ್ರಶ್ನೆ ಕೇಳಿ ಬೇಜಾರಾಗುತ್ತದೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಬಿಟ್ಟು ಶಾಲೆ ಬಗ್ಗೆ ಕೇಳುತ್ತಾರಲ್ಲ ಅಂತ. ಅಪ್ಪ ಅಮ್ಮ ಇಬ್ಬರೂ ಒಂದೇ ಊರಲ್ಲಿದ್ದರೆ ನಾನೂ ಅದನ್ನು ಮೊದಲು ಕೇಳುತ್ತಿರಲಿಲ್ಲ. ಒಬ್ಬರು ಧಾರವಾಡ, ಇನ್ನೊಬ್ಬರು ಪುಣೆಯೋ ಹೈದರಾಬಾದೋ ಆದಾಗ ಮಾತ್ರ ಕೇಸು ಎಲ್ಲಿ ಹಾಕಬೇಕು, ಯಾವ ಕಾಯ್ದೆಯಲ್ಲಿ ಹಾಕಬೇಕು, ಎಷ್ಟು ದಿನ ಹಿಡಿಯುತ್ತದೆ ಎಂಬುದೆಲ್ಲ ಆ ಉತ್ತರದ ಮೇಲೆ ನಿಂತಿರುತ್ತದೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬುದು ಆಮೇಲಿನ ಮಾತು.

ಇಂಥ ಜಗಳ ಬಗೆಹರಿಸಿಕೊಳ್ಳಲು ನಮ್ಮ ದೇಶದಲ್ಲಿ ನಾಲ್ಕೈದು ದಾರಿಗಳಿವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಕೋರ್ಟು, ಬೇರೆ ವೇಗ, ಬೇರೆ ಖರ್ಚು. ಯಾವುದು ಯಾರಿಗೆ ಸರಿ ಎಂದು ನನಗೆ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ವಕೀಲರು ಬೇರೆ ಹೇಳಿದರೆ ಅವರ ಮಾತು ಕೇಳಿ, ಅವರು ನಿಮ್ಮ ಕಾಗದಗಳನ್ನು ನೋಡಿರುತ್ತಾರೆ.

ಮಗುವಿನ ಊರು ಯಾವುದು?

ಕಸ್ಟಡಿ ಕಾಯ್ದೆಗಳಲ್ಲಿ ಹಳೆಯದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಬ್ರಿಟಿಷರ ಕಾಲದ್ದಾದರೂ ಇಂದಿಗೂ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಅದರ 9ನೇ ಕಲಂ ಹೇಳುವುದಿಷ್ಟು: ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೋ ಅಲ್ಲಿಯ ಕೋರ್ಟಿಗೇ ಅರ್ಜಿ ಹಾಕಬೇಕು. ಅಪ್ಪನ ಊರಲ್ಲ, ಅಮ್ಮನ ತವರಲ್ಲ, ಮದುವೆಯಾದ ಕಲ್ಯಾಣ ಮಂಟಪದ ಊರೂ ಅಲ್ಲ.

ಈ "ಸಾಮಾನ್ಯವಾಗಿ" ಎಂಬ ಪದದ ಮೇಲೆ ನಡೆದಷ್ಟು ವಾದ ಇನ್ನಾವುದರ ಮೇಲೂ ನಡೆದಿರಲಿಕ್ಕಿಲ್ಲ. ಇಷ್ಟು ತಿಂಗಳಿದ್ದರೆ ವಾಸ, ಕಡಿಮೆಯಾದರೆ ಅಲ್ಲ ಎಂಬ ಲೆಕ್ಕ ನಮ್ಮ ಕಾಯ್ದೆಯಲ್ಲಿ ಇಲ್ಲ. 2011ರಲ್ಲಿ ರುಚಿ ಮಾಜೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಆಯಾ ಕೇಸಿನ ಸಂಗತಿಗಳನ್ನು ನೋಡಿಯೇ ತೀರ್ಮಾನಿಸಬೇಕು ಎಂದಿತು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಮ್ಯಾಸಚೂಸೆಟ್ಸ್ ಒಂದನ್ನು ಬಿಟ್ಟು ಉಳಿದೆಲ್ಲ ರಾಜ್ಯಗಳೂ ಒಪ್ಪಿಕೊಂಡ ಸಮಾನ ಕಾಯ್ದೆಯಿದೆ. ಅದರ ಪ್ರಕಾರ ಕೇಸು ಹಾಕುವುದಕ್ಕೆ ಮುಂಚಿನ 6 ತಿಂಗಳು ಮಗು ಯಾವ ರಾಜ್ಯದಲ್ಲಿತ್ತೋ ಅದೇ "ತವರು ರಾಜ್ಯ", ಮೊದಲ ಅಧಿಕಾರ ಅಲ್ಲಿಯ ಕೋರ್ಟಿನದು. ನ್ಯೂಜೆರ್ಸಿಯಲ್ಲಿ ಗಂಡ, ಟೆಕ್ಸಾಸ್‌ನಲ್ಲಿ ಹೆಂಡತಿ ಇರುವ ನಮ್ಮವರು ಫೋನ್ ಮಾಡಿದಾಗ ನಾನು ಕ್ಯಾಲೆಂಡರ್ ತೆಗೆದು ತಿಂಗಳು ಎಣಿಸಲು ಹೇಳುತ್ತೇನೆ. ಇಲ್ಲಿಯವರಿಗೆ ಎಣಿಸಲು ಹೇಳುವುದು ಕಾಗದಗಳನ್ನು.

ಯಾವ ಕಾಗದ? ಶಾಲೆಯ ದಾಖಲಾತಿ, ಫೀ ರಸೀದಿ, ಶಾಲಾ ಮಕ್ಕಳ ವಿವರ ಇಡುವ ಸರ್ಕಾರದ ಸ್ಯಾಟ್ಸ್ ವ್ಯವಸ್ಥೆಯಲ್ಲಿ ಮಗುವಿನ ನೋಂದಣಿ, ಸ್ಕೂಲ್ ವ್ಯಾನಿನವನಿಗೆ ಕೊಟ್ಟ ದುಡ್ಡಿನ ಚೀಟಿ. ಶಾಲೆಗೆ ಹೋಗದ ಕೂಸಾದರೆ ಲಸಿಕೆ ಹಾಕಿಸಿದ ತಾಯಿ ಕಾರ್ಡು, ಅಂಗನವಾಡಿಯ ಹಾಜರಿ. ಒಬ್ಬ ತಾಯಿ ಕೊಟ್ಟ ಶಾಲಾ ಡೈರಿಯಲ್ಲಿ ಎರಡು ವರ್ಷದ ಪ್ರತಿ ಪುಟಕ್ಕೂ ಅಜ್ಜನ ಸಹಿ ಇತ್ತು. ಸಹಿ ಎಂದರೆ ನೀಲಿ ಶಾಯಿಯಲ್ಲಿ ಒಂದು ಅಡ್ಡಗೆರೆ, ಅಷ್ಟೇ. ವಾಸ ಎಲ್ಲಿ ಎಂಬ ಎದುರು ಪಾರ್ಟಿಯ ತಕರಾರು ಆ ಡೈರಿಯ ಮುಂದೆ ನಿಲ್ಲಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಕೇಸು ತಮ್ಮ ಊರಿಗೆ ಬರಲಿ ಎಂದು ಮಗುವನ್ನು ರಾತ್ರೋರಾತ್ರಿ ಎತ್ತಿಕೊಂಡು ಬಂದು, ವಾರದೊಳಗೆ ಹೊಸ ಶಾಲೆಗೆ ಸೇರಿಸಿ, ಅಲ್ಲೇ ಅರ್ಜಿ ಹಾಕುವವರಿದ್ದಾರೆ. ಅಪ್ಪಂದಿರೂ ಇದ್ದಾರೆ, ಅಮ್ಮಂದಿರೂ ಇದ್ದಾರೆ. ನ್ಯಾಯಾಧೀಶರು ಟಿಸಿಯ ಮೇಲಿನ ದಿನಾಂಕವನ್ನೂ ಅರ್ಜಿಯ ಮೇಲಿನ ದಿನಾಂಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಬಣ್ಣ ಬಯಲಾಗುತ್ತದೆ. ಹೊಡೆತ ಬಡಿತಕ್ಕೆ ಹೆದರಿ ಮಗುವಿನೊಂದಿಗೆ ತವರಿಗೆ ಓಡಿ ಬರುವುದು ಬೇರೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ, ಆದರೆ ಬಂದ ಕೂಡಲೇ ಅದಕ್ಕೆ ಸಾಕ್ಷಿ ಮಾಡಿಟ್ಟುಕೊಳ್ಳಬೇಕು.

ನೇರ ಕಸ್ಟಡಿ ಅರ್ಜಿಯೋ, ಡೈವೋರ್ಸ್ ಕೇಸಿನೊಳಗಿನ ಅರ್ಜಿಯೋ?

ಹೆಚ್ಚಿನವರು ಎಡವುವುದು ಇಲ್ಲೇ. ಕೋರ್ಟಿನವರ ಮಾತಿನಲ್ಲಿ ಒಂದು "ಜಿ ಅಂಡ್ ಡಬ್ಲ್ಯೂಸಿ", ಅಂದರೆ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕೇಸು. ಇನ್ನೊಂದು "ಎಂಸಿ", ಅಂದರೆ ವೈವಾಹಿಕ ಕೇಸು.

ಮೊದಲನೆಯದು ನೇರ ಅರ್ಜಿ. 1890ರ ಕಾಯ್ದೆಯಡಿ ಮಗುವಿನ ಊರಿನ ಫ್ಯಾಮಿಲಿ ಕೋರ್ಟಿಗೆ ಹೋಗುವಂಥದ್ದು. ಫ್ಯಾಮಿಲಿ ಕೋರ್ಟ್ ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯ. ಇದಕ್ಕೆ ಡೈವೋರ್ಸ್ ಬೇಕಾಗಿಲ್ಲ. ಗಂಡ ಹೆಂಡತಿ ಸಂಬಂಧ ಇನ್ನೂ ಕಡಿದುಕೊಳ್ಳಲು ಮನಸ್ಸಿಲ್ಲ, ಮಗುವಿನದಷ್ಟೇ ಇತ್ಯರ್ಥವಾಗಲಿ ಎನ್ನುವವರಿಗೆ ಇದು ಸರಿ. ಅಜ್ಜ ಅಜ್ಜಿ ಹಾಕುವುದಾದರೂ ಇದನ್ನೇ ಹಾಕಬೇಕು. 12ನೇ ಕಲಂ ಅಡಿ ಮಧ್ಯಂತರ ಆದೇಶ ಕೇಳಬಹುದು. ಕೇಸು ಮುಗಿಯುವ ತನಕ ಮಗು ಯಾರ ಬಳಿ, ಇನ್ನೊಬ್ಬರಿಗೆ ಭೇಟಿ ಯಾವಾಗ ಎಂಬುದು ಅದರಲ್ಲಿ ಬರುತ್ತದೆ. ಮೂಲ ಅರ್ಜಿ ವರ್ಷಗಟ್ಟಲೆ ಎಳೆಯಬಹುದು, ಆದ್ದರಿಂದ ಜೀವನ ನಡೆಯುವುದು ಈ ಮಧ್ಯಂತರ ಆದೇಶದ ಮೇಲೆಯೇ. ಅದನ್ನು "ಆಮೇಲೆ ನೋಡೋಣ" ಎಂದು ಬಿಡಬೇಡಿ.

ಎರಡನೆಯದು ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ. ಡೈವೋರ್ಸ್, ನ್ಯಾಯಿಕ ಪ್ರತ್ಯೇಕತೆ, ಕೂಡಿ ಬಾಳುವ ಅರ್ಜಿ, ಆ ಕಾಯ್ದೆಯಡಿ ಯಾವುದೇ ಕೇಸು ನಡೆಯುತ್ತಿದ್ದರೆ ಅದೇ ಕೋರ್ಟಿನಲ್ಲಿ ಮಗುವಿನ ಕಸ್ಟಡಿಯನ್ನೂ ಕೇಳಬಹುದು. ವಿಶೇಷ ವಿವಾಹ ಕಾಯ್ದೆಯಲ್ಲಿ ಇದೇ ಮಾತು 38ನೇ ಕಲಂನಲ್ಲಿದೆ. ಇಲ್ಲಿ ಕೋರ್ಟಿನ ಊರು ತೀರ್ಮಾನವಾಗುವುದು ಮಗುವಿನ ವಾಸದಿಂದಲ್ಲ, ಹಿಂದೂ ವಿವಾಹ ಕಾಯ್ದೆಯ 19ನೇ ಕಲಂನಿಂದ: ಮದುವೆ ಎಲ್ಲಾಯಿತು, ಕೊನೆಗೆ ಇಬ್ಬರೂ ಎಲ್ಲಿ ಕೂಡಿದ್ದರು, ಎದುರುದಾರ ಎಲ್ಲಿದ್ದಾರೆ. 2003ರ ತಿದ್ದುಪಡಿಯ ನಂತರ, ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ಈಗಿರುವ ಊರೂ ನಡೆಯುತ್ತದೆ.

ಇದರಿಂದ ಏನು ವ್ಯತ್ಯಾಸ? ಮಗು ಪುಣೆಯಲ್ಲಿ ಅಪ್ಪನ ಬಳಿ ಓದುತ್ತಿದೆ, ಅಮ್ಮ ಧಾರವಾಡದ ತವರಿಗೆ ಬಂದಿದ್ದಾಳೆ ಎಂದುಕೊಳ್ಳಿ. ನೇರ ಅರ್ಜಿಯಾದರೆ ಅವಳು ಪುಣೆಗೇ ಹೋಗಬೇಕು. ವಿವಾಹ ಕಾಯ್ದೆಯ ಕೇಸಾದರೆ ಧಾರವಾಡದಲ್ಲೇ ಹಾಕಿ, ಅದರೊಳಗೆ ಕಸ್ಟಡಿಯ ಅರ್ಜಿಯನ್ನೂ ಸೇರಿಸಬಹುದು. ಮನೆಯ ಹತ್ತಿರದ ಕೋರ್ಟು, ಗೊತ್ತಿರುವ ಭಾಷೆ, ಅಪ್ಪನೋ ಅಣ್ಣನೋ ಜೊತೆಗೆ ಬರಬಹುದು. ಕೇಳಲು ಚೆನ್ನಾಗಿದೆ. ಆದರೆ ಮಗುವಿನ ಶಾಲೆ, ಟೀಚರು, ಡಾಕ್ಟರು, ನೆರೆಹೊರೆಯವರು ಎಲ್ಲ ಪುಣೆಯಲ್ಲಿದ್ದಾಗ ಮಗು ಹೇಗಿದೆ ಎಂದು ಧಾರವಾಡದ ನ್ಯಾಯಾಧೀಶರಿಗೆ ತಿಳಿಯುವುದು ಹೇಗೆ? ಸಾಕ್ಷಿ ಅಷ್ಟು ದೂರದಿಂದ ಬರುವುದಿಲ್ಲ. ಜೊತೆಗೆ, ಮಗುವಿಗಾಗಿ ಡೈವೋರ್ಸ್ ಕೇಸು ಹಾಕಿದವರು ಮುಂದೆ ರಾಜಿಯ ಬಾಗಿಲನ್ನೂ ಮುಚ್ಚಿಕೊಂಡದ್ದನ್ನು ನೋಡಿದ್ದೇನೆ.

ನನ್ನ ಮಟ್ಟಿಗೆ ಲೆಕ್ಕ ಇಷ್ಟು. ಮಗು ನಿಮ್ಮ ಬಳಿಯೇ, ನಿಮ್ಮ ಊರಲ್ಲೇ ಇದ್ದರೆ ನೇರ ಅರ್ಜಿ ಗಟ್ಟಿ. ಕೋರ್ಟಿನ ಅಧಿಕಾರವನ್ನು ಅಲ್ಲಾಡಿಸುವುದು ಎದುರಿನವರಿಗೆ ಕಷ್ಟ. ಮಗು ಅವರ ಬಳಿ ಇದೆ, ಡೈವೋರ್ಸ್ ಹೇಗೂ ಆಗಲೇಬೇಕು ಎಂದಿದ್ದರೆ 26ನೇ ಕಲಂ. ಡೈವೋರ್ಸ್ ಬೇಡ, ಮಗು ಬೇಕು ಎನ್ನುವವರು ಪುಣೆಗೆ ಹೋಗಲು ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ವರಮಾನ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ, ದೇಶದ ಯಾವ ಜಿಲ್ಲೆಯಲ್ಲಾದರೂ. ಸಹಾಯವಾಣಿ 15100.

ಎರಡೂ ಕಡೆ ಅಂತಿಮವಾಗಿ ಕೋರ್ಟು ನೋಡುವುದು ಮಗುವಿನ ಹಿತವನ್ನು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯ 6ನೇ ಕಲಂ ಪ್ರಕಾರ ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. 2015ರ ರಾಕ್ಸನ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಷ್ಟು ಸಣ್ಣ ಮಗುವಿನ ವಿಷಯದಲ್ಲಿ ತಾಯಿ ತಕ್ಕವಳಲ್ಲ ಎಂದು ತೋರಿಸುವ ಹೊಣೆ ತಂದೆಯ ಮೇಲಿದೆ ಎಂದಿತು. ಹಾಗೆಂದು ಐದು ತುಂಬಿದ ಮರುದಿನವೇ ಮಗು ಅಪ್ಪನದಾಗುವುದಿಲ್ಲ. ಕಚೇರಿಗೆ ಬರುವ ಅರ್ಧಕ್ಕರ್ಧ ಅಪ್ಪಂದಿರು ಹಾಗಂದುಕೊಂಡೇ ಬಂದಿರುತ್ತಾರೆ.

ಕೇಸನ್ನು ಈ ಕಡೆ ಎಳೆಯುವುದು

ಒಬ್ಬರು ಪುಣೆಯಲ್ಲಿ ಡೈವೋರ್ಸ್ ಹಾಕಿದರು, ಇನ್ನೊಬ್ಬರು ಧಾರವಾಡದಲ್ಲಿ ಕಸ್ಟಡಿ ಹಾಕಿದರು. ಇಬ್ಬರಿಗೂ ಎರಡೆರಡು ಊರಿನ ತಾರೀಖು. ಆಗ ನೆನಪಾಗುವುದು ವರ್ಗಾವಣೆ ಅರ್ಜಿ.

ಇಲ್ಲೊಂದು ವಿಚಿತ್ರವಿದೆ. ಬೀದರ್‌ನಿಂದ ಬೆಂಗಳೂರಿಗೆ 700 ಕಿಲೋಮೀಟರ್ ಹತ್ತಿರ ಆಗುತ್ತದೆ. ಆದರೂ ಎರಡೂ ಒಂದೇ ಹೈಕೋರ್ಟಿನ ಕೆಳಗಿರುವುದರಿಂದ ಕೇಸು ವರ್ಗಾಯಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಅಡಿ ಕರ್ನಾಟಕ ಹೈಕೋರ್ಟಿಗೆ ಹೋದರೆ ಸಾಕು. ಮಂಗಳೂರಿನಿಂದ ಕಾಸರಗೋಡಿಗೆ 50 ಕಿಲೋಮೀಟರ್ ಅಷ್ಟೇ. ಬೆಂಗಳೂರಿನಿಂದ ಹೊಸೂರು ಅದಕ್ಕಿಂತ ಹತ್ತಿರ. ಆದರೆ ನಡುವೆ ರಾಜ್ಯದ ಗಡಿ ಬಂತಲ್ಲ! 25ನೇ ಕಲಂ ಹಿಡಿದು ದೆಹಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು. ಬೆಳಿಗ್ಗೆ ಕಾಸರಗೋಡಿನ ಬಸ್ಸು ಹತ್ತಿ ಮಧ್ಯಾಹ್ನ ಊಟಕ್ಕೆ ಮಂಗಳೂರಿನ ಮನೆಗೆ ಬಂದು ಸೇರಬಹುದಾದ ದೂರಕ್ಕೆ ದೆಹಲಿ ವಕೀಲರ ಫೀ ಕೊಡುವುದು ಬೇಕೇ, ನೀವೇ ಯೋಚಿಸಿ.

ದೂರ ನಿಜವಾಗಿಯೂ ದೊಡ್ಡದಿದ್ದರೆ ಮಾತು ಬೇರೆ. ವೈವಾಹಿಕ ಪ್ರಕರಣಗಳಲ್ಲಿ ವರ್ಗಾವಣೆ ಕೇಳಿದಾಗ ಸುಪ್ರೀಂ ಕೋರ್ಟು ಸಾಮಾನ್ಯವಾಗಿ ಹೆಂಡತಿಯ ಅನುಕೂಲ ನೋಡುತ್ತದೆ. ಕೈಗೂಸು, ಆದಾಯವಿಲ್ಲದಿರುವುದು, ಒಂಟಿ ಪ್ರಯಾಣದ ಕಷ್ಟ ಇವಕ್ಕೆ ತೂಕವಿದೆ. ಗಂಡಂದಿರಿಗೆ ಈ ಮಾತು ಕಹಿ. ಆದರೆ ದೂರದ ಊರಲ್ಲಿ ಮೊದಲು ಕೇಸು ಹಾಕಿ ಹೆಂಡತಿಯನ್ನು ಓಡಾಡಿಸೋಣ ಎಂದು ಲೆಕ್ಕ ಹಾಕಿದವರು, ಆರು ತಿಂಗಳ ನಂತರ ಅದೇ ಕೇಸಿಗೆ ತಾವೇ ಅವಳ ಊರಿಗೆ ಓಡಾಡುತ್ತಿರುವುದನ್ನು ಕಂಡಿದ್ದೇನೆ.

ವಿಡಿಯೊ ಮೂಲಕ ಹಾಜರಾದರೆ ವರ್ಗಾವಣೆ ಏಕೆ ಬೇಕು ಎಂಬ ಪ್ರಶ್ನೆ 2017ರಲ್ಲೇ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಸಂತಿನಿ ಪ್ರಕರಣದಲ್ಲಿ ಬಹುಮತದ ತೀರ್ಪು, ರಾಜಿ ಪ್ರಯತ್ನದ ಹಂತದಲ್ಲಿ ವಿಡಿಯೊ ಬೇಡ ಎಂದಿತು. ಗಂಡ ಹೆಂಡತಿ ಎದುರುಬದುರು ಕೂತು ಮಾತಾಡಲಿ ಎಂಬುದು ಅದರ ಆಶಯ. ಕೋವಿಡ್ ನಂತರ ಕೋರ್ಟುಗಳಲ್ಲಿ ವಿಡಿಯೊ ಹಾಜರಿ ಸಾಮಾನ್ಯವಾಗಿದೆ. ಬರೀ ತಾರೀಖು ಮುಂದಕ್ಕೆ ಹೋಗುವ ದಿನಗಳಿಗೆ ಅದನ್ನು ಕೇಳಿಕೊಳ್ಳಿ, ಸಾಕ್ಷಿ ಹೇಳುವ ದಿನ ಖುದ್ದಾಗಿ ಹೋಗಿ.

ತುರ್ತು ಇದ್ದಾಗ

ಹೊಡೆತ ತಿಂದು ಬಂದ ತಾಯಿಗೆ ಇನ್ನೊಂದು ದಾರಿ ಇದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. 27ನೇ ಕಲಂ ಪ್ರಕಾರ ಅವಳು ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟರ ಬಳಿಯೇ ಹೋಗಬಹುದು. ಅಕ್ಕನ ಮನೆಯಾದರೂ ಸರಿ, ಹಾಸ್ಟೆಲ್ ಆದರೂ ಸರಿ. 21ನೇ ಕಲಂ ಅಡಿ ಮಗುವಿನ ತಾತ್ಕಾಲಿಕ ಕಸ್ಟಡಿ ಕೇಳಬಹುದು, ಮತ್ತು ಆದೇಶ ಇಡೀ ದೇಶದಲ್ಲಿ ನಡೆಯುತ್ತದೆ ಎಂದು ಕಾಯ್ದೆಯೇ ಹೇಳುತ್ತದೆ. ಅರ್ಜಿ ಬರೆಯಲು ವಕೀಲರೇ ಬೇಕೆಂದಿಲ್ಲ, ಸಂರಕ್ಷಣಾಧಿಕಾರಿ ಅಥವಾ ಸಾಂತ್ವನ ಕೇಂದ್ರದವರು ಸಹಾಯ ಮಾಡುತ್ತಾರೆ. ಇದರ ಮಿತಿ ಹೆಸರಲ್ಲೇ ಇದೆ: ತಾತ್ಕಾಲಿಕ. ಗಂಡಸರು ಈ ಕಾಯ್ದೆಯಡಿ ಅರ್ಜಿ ಹಾಕುವಂತಿಲ್ಲ. ದೌರ್ಜನ್ಯ ನಡೆಯದಿದ್ದರೂ ಬೇಗ ಆದೇಶ ಸಿಗುತ್ತದೆಂದು ಇದನ್ನು ಹಾಕಿದರೆ ಮುಂದೆ ಕಸ್ಟಡಿ ಕೇಸಿನಲ್ಲಿ ನಿಮ್ಮ ಮಾತಿಗೇ ಬೆಲೆ ಹೋಗುತ್ತದೆ.

ಮಗುವನ್ನೇ ಎತ್ತಿಕೊಂಡು ಹೋಗಿದ್ದಾರೆ, ಫೋನ್ ಸ್ವಿಚ್ ಆಫ್. ಆಗ ಎಲ್ಲರೂ ಮೊದಲು ಓಡುವುದು ಪೊಲೀಸ್ ಠಾಣೆಗೆ. ಠಾಣೆಯಲ್ಲಿ ಬರುವ ಉತ್ತರವೂ ಎಲ್ಲ ಕಡೆ ಒಂದೇ: "ಅಪ್ಪನ ಹತ್ರನೇ ಐತಲ್ರೀ, ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗ್ರಿ." ತಂದೆ ಸಹಜ ಪಾಲಕನಾದ್ದರಿಂದ ಅಪಹರಣದ ಕೇಸು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಹಾಗಾಗಿ ಆ ಉತ್ತರ ಪೂರ್ತಿ ತಪ್ಪೂ ಅಲ್ಲ. ಆದರೂ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಗು ಯಾವ ದಿನ ಯಾರ ಮನೆಯಿಂದ ಹೋಯಿತು ಎಂಬುದಕ್ಕೆ ಅದೇ ಮೊದಲ ದಾಖಲೆ.

ಆಮೇಲಿನದು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್. ಇದರಷ್ಟು ವೇಗದ ದಾರಿ ಇನ್ನೊಂದಿಲ್ಲ. ಮಗುವನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂಬ ಆದೇಶ ಎಷ್ಟೋ ಸಲ ದಿನಗಳ ಲೆಕ್ಕದಲ್ಲಿ ಬರುತ್ತದೆ. ಮಗು ಈಗ ಇರುವ ರಾಜ್ಯದ ಹೈಕೋರ್ಟಿನಲ್ಲಿ ಹಾಕುವುದು ಸುರಕ್ಷಿತ. ಪುಣೆಯಲ್ಲಿದ್ದರೆ ಬಾಂಬೆ ಹೈಕೋರ್ಟು, ಹೊಸೂರಿನಲ್ಲಿದ್ದರೆ ಮದ್ರಾಸ್ ಹೈಕೋರ್ಟು. ಆದರೆ ಇದು ಎಲ್ಲ ಬೀಗಕ್ಕೂ ಹೊಂದುವ ಕೀಲಿಕೈಯಲ್ಲ. 2019ರಲ್ಲಿ ತೇಜಸ್ವಿನಿ ಗೌಡ್ ಪ್ರಕರಣದಲ್ಲಿ, ತಾಯಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಅವಳ ಬಂಧುಗಳ ಬಳಿಯಿದ್ದ ಪುಟ್ಟ ಮಗುವನ್ನು ಸುಪ್ರೀಂ ಕೋರ್ಟು ಇದೇ ದಾರಿಯಲ್ಲಿ ತಂದೆಗೆ ಒಪ್ಪಿಸಿತು. ಅದೇ ತೀರ್ಪಿನಲ್ಲಿ, ಕಾನೂನಿನ ಹಕ್ಕಿಲ್ಲದವರ ಬಳಿ ಮಗು ಇದ್ದಾಗ, ಮಾಮೂಲಿ ದಾರಿ ಇಲ್ಲದಾಗ ಅಥವಾ ಅದು ಕೆಲಸ ಮಾಡದಾಗ ಮಾತ್ರ ಇದನ್ನು ಬಳಸಬೇಕು ಎಂದೂ ಹೇಳಿತು. ಅಪ್ಪ ಅಮ್ಮ ಇಬ್ಬರೂ ಇದ್ದು, ಯಾವ ಕೋರ್ಟಿನ ಆದೇಶವೂ ಇಲ್ಲದಿದ್ದರೆ ಹೈಕೋರ್ಟು "ಫ್ಯಾಮಿಲಿ ಕೋರ್ಟಿಗೆ ಹೋಗಿ" ಎಂದು ಕಳಿಸುವ ಸಾಧ್ಯತೆ ಹೆಚ್ಚು. ಹಾಲು ಕುಡಿಯುವ ಕೂಸನ್ನು ತಾಯಿಯಿಂದ ಕಿತ್ತುಕೊಂಡು ಹೋದ ಸಂದರ್ಭದಲ್ಲಿ, ಕಸ್ಟಡಿ ಆದೇಶವಿದ್ದೂ ಅದನ್ನು ಮೀರಿದಾಗ ಇದಕ್ಕೆ ನಿಜವಾದ ಬಲ.

ಕೂತು ಮಾತಾಡಿ ಬರೆದುಕೊಳ್ಳುವುದು

ನನ್ನ ವೃತ್ತಿಗೆ ನಷ್ಟವಾದರೂ ಹೇಳುತ್ತೇನೆ. ಹೊಡೆತ ಬಡಿತ ಇಲ್ಲದ, ಮಗುವನ್ನು ಬಚ್ಚಿಡದ ಜಗಳಗಳಲ್ಲಿ ಇದೇ ಉಳಿದೆಲ್ಲಕ್ಕಿಂತ ಮೇಲು. ಎರಡು ರಾಜ್ಯದ ನಡುವೆ ಮಗು ಓಡಾಡಬೇಕೆಂದರೆ ಇಬ್ಬರ ಸಹಕಾರವೂ ಬೇಕೇ ಬೇಕು. ರೈಲಿನಲ್ಲಿ ಮಗುವಿನ ಪಕ್ಕ ಅಮೀನನನ್ನು ಕೂರಿಸಲು ಯಾವ ಕೋರ್ಟಿಗೂ ಆಗುವುದಿಲ್ಲ.

ಆದರೆ ಹೇಗೆ ಕೂರುತ್ತೀರಿ ಎಂಬುದು ಮುಖ್ಯ. ನಮ್ಮ ಕಡೆ ಹಿರಿಯರನ್ನು ಕೂಡಿಸಿ, ಚಹಾ ಕುಡಿದು, ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ "ಮಗು ತಾಯಿ ಹತ್ತಿರ ಇರತಕ್ಕದ್ದು, ತಂದೆ ಬೇಕಾದಾಗ ನೋಡತಕ್ಕದ್ದು" ಎಂದು ಬರೆಸಿ ನಾಲ್ಕು ಸಾಕ್ಷಿ ಸಹಿ ಹಾಕಿಸುತ್ತಾರೆ. ಮುಂದೆ ಒಬ್ಬರು ತಪ್ಪಿದರೆ ಆ ಬಾಂಡಿನಿಂದ ಮಗುವನ್ನು ತರಿಸಲು ಆಗುವುದಿಲ್ಲ. ಅದೇ ಮಾತನ್ನು ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ಬರೆದು, ನ್ಯಾಯಾಧೀಶರ ಮುಂದೆ ಒಪ್ಪಿ, ಆದೇಶ ಮಾಡಿಸಿಕೊಂಡರೆ ಅದಕ್ಕೆ ಡಿಕ್ರಿಯ ಬಲ ಬರುತ್ತದೆ. ಬೆಂಗಳೂರಿನಲ್ಲಿ ಇದಕ್ಕಾಗಿ 2007ರಲ್ಲೇ ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು. ಜಿಲ್ಲೆಗಳಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.

ಒಪ್ಪಂದದಲ್ಲಿ ಏನು ಬರೆಯಬೇಕು? "ಬೇಕಾದಾಗ" ಎಂಬ ಪದ ಒಂದನ್ನು ಬಿಟ್ಟು ಉಳಿದದ್ದೆಲ್ಲ.

ಒಂದು ಕೇಸಿನಲ್ಲಿ "ಮಗುವನ್ನು ಹುಬ್ಬಳ್ಳಿ ರೈಲ್ವೆ ಸ್ಟೇಷನ್‌ನಲ್ಲಿ ಒಪ್ಪಿಸತಕ್ಕದ್ದು" ಎಂದಷ್ಟೇ ಬರೆದಿದ್ದರು. ಹುಬ್ಬಳ್ಳಿಯ ಒಂದು ಪ್ಲಾಟ್‌ಫಾರ್ಮಿನ ಉದ್ದವೇ 1,507 ಮೀಟರ್. ಜಗತ್ತಿನಲ್ಲೇ ಉದ್ದನೆಯದು ಎಂದು ನಾವು ಹೆಮ್ಮೆಪಡುತ್ತೇವೆ. ಆ ದಿನ ಪುಣೆಯ ರೈಲು ಇಳಿದ ಅಪ್ಪ ಒಂದು ತುದಿಯಲ್ಲಿ ನಿಂತಿದ್ದ. ಅಮ್ಮ ಮಗನ ಬ್ಯಾಗು, ಅಜ್ಜಿ ಕೊಟ್ಟ ಶೇಂಗಾ ಉಂಡಿಯ ಡಬ್ಬಿ ಹಿಡಿದು ಮುಂದಿನ ಗೇಟಿನಲ್ಲಿ ನಿಂತಿದ್ದಳು. ಇಬ್ಬರೂ ಫೋನ್ ನಂಬರ್ ಬ್ಲಾಕ್ ಮಾಡಿಕೊಂಡಿದ್ದವರು. ಮುಕ್ಕಾಲು ಗಂಟೆ ಕಾದರು. ಇಬ್ಬರೂ ತಾವು ಬಂದಿದ್ದೆವು, ಅವರು ಬರಲಿಲ್ಲ ಎಂಬುದಕ್ಕೆ ಗಡಿಯಾರ ಕಾಣುವ ಹಾಗೆ ಸೆಲ್ಫಿ ತೆಗೆದುಕೊಂಡರು. ಮುಂದಿನ ತಾರೀಖಿಗೆ ಎರಡೂ ಸೆಲ್ಫಿ ಕೋರ್ಟಿನ ಕಡತ ಸೇರಿದವು. ಹುಡುಗ ಆ ಶನಿವಾರ ಉಂಡಿ ತಿಂದು ಮನೆಗೆ ವಾಪಸ್ಸಾದ. ಆಮೇಲೆ ಒಪ್ಪಂದವನ್ನು ತಿದ್ದಿದೆವು: ಮುಖ್ಯ ದ್ವಾರದ ಟಿಕೆಟ್ ಕೌಂಟರ್ ಎದುರು, ರೈಲು ಬಂದ ಅರ್ಧ ಗಂಟೆಯೊಳಗೆ, ರೈಲು ತಡವಾದರೆ ಸೋದರಮಾವನ ಫೋನಿಗೆ ಮೆಸೇಜ್.

ರಜೆಯ ವಿಷಯದಲ್ಲೂ ಇದೇ ಪಾಡು. "ಅರ್ಧ ರಜೆ ಅವರಿಗೆ, ಅರ್ಧ ಇವರಿಗೆ" ಎನ್ನುವುದು ಸುಲಭ. ಆದರೆ ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ದಸರೆಗೆ, ಮಹಾರಾಷ್ಟ್ರದಲ್ಲಿ ದೀಪಾವಳಿಗೆ. ಕೇರಳದಲ್ಲಿ ಓಣಂಗೆ. ಬೇಸಿಗೆ ರಜೆ ಮುಗಿದು ಇಲ್ಲಿ ಶಾಲೆ ಶುರುವಾದ ಮೇಲೂ ಮಹಾರಾಷ್ಟ್ರದಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಹಾಗಾಗಿ ಹಬ್ಬದ ಹೆಸರು ಬರೆಯಬೇಡಿ, ಮಗು ಓದುವ ಶಾಲೆಯ ವೇಳಾಪಟ್ಟಿಯನ್ನೇ ಒಪ್ಪಂದಕ್ಕೆ ಲಗತ್ತಿಸಿ, ಪ್ರತಿ ಜೂನಿನಲ್ಲಿ ಹೊಸದನ್ನು ಕಳಿಸಬೇಕು ಎಂದು ಬರೆಯಿರಿ. ಟಿಕೆಟ್ ದುಡ್ಡು ಯಾರದು, ಮಗುವಿನ ಜೊತೆ ಯಾರು ಪ್ರಯಾಣಿಸಬೇಕು, ಮಗುವಿಗೆ ಜ್ವರ ಬಂದು ಒಂದು ಭೇಟಿ ತಪ್ಪಿದರೆ ಅದನ್ನು ಯಾವಾಗ ತುಂಬಿಕೊಡಬೇಕು, ಶಾಲೆ ಬದಲಿಸಲು ಇಬ್ಬರ ಒಪ್ಪಿಗೆ ಬೇಕೇ, ಪಾಸ್‌ಪೋರ್ಟ್ ಯಾರ ಬಳಿ, ಇವನ್ನೂ ಸೇರಿಸಿ. ಪಾಸ್‌ಪೋರ್ಟ್ ಮಾತು ಅತಿಯೆನಿಸಬಹುದು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಮಗು ದೇಶ ದಾಟಿದರೆ ಕೆಲಸ ಬಹಳ ಕಷ್ಟ.

ಫೋನ್ ಕರೆಯ ಬಗ್ಗೆ ತಕರಾರು ಮಾಡುವವರಿಗೆ ನಾನು 2020ರ ಯಶಿತಾ ಸಾಹು ತೀರ್ಪನ್ನು ತೋರಿಸುತ್ತೇನೆ. ತಂದೆ ತಾಯಿ ಬೇರೆ ಬೇರೆ ರಾಜ್ಯ ಅಥವಾ ದೇಶದಲ್ಲಿದ್ದಾಗ ಭೇಟಿಯ ಹಕ್ಕಿನ ಜೊತೆಗೆ ಸಂಪರ್ಕದ ಹಕ್ಕೂ ಮುಖ್ಯ, ಅದಕ್ಕೆ ವಿಡಿಯೊ ಕರೆ ಒಳ್ಳೆಯದು, ವಿಶೇಷ ಕಾರಣವಿಲ್ಲದಿದ್ದರೆ ಕಸ್ಟಡಿ ಸಿಗದವರಿಗೆ ಮಗುವಿನೊಡನೆ ದಿನಕ್ಕೆ 5ರಿಂದ 10 ನಿಮಿಷ ಮಾತಾಡುವ ಹಕ್ಕಿರಬೇಕು ಎಂದು ಸುಪ್ರೀಂ ಕೋರ್ಟು ಅದರಲ್ಲಿ ಹೇಳಿದೆ. ಹೊತ್ತು ಗೊತ್ತುಮಾಡಿ ಬರೆಯಿರಿ. ಹೋಂವರ್ಕ್ ಮುಗಿದ ಮೇಲೆ, ಊಟಕ್ಕೆ ಮುಂಚೆ ಸಂಜೆ ಏಳೂವರೆ ಒಳ್ಳೆಯ ಹೊತ್ತು. ಮಗು ಮಾತಾಡುವಾಗ ಕ್ಯಾಮೆರಾ ಹಿಂದೆ ನಿಂತು "ಹೂಂ ಅನ್ನು, ಇಲ್ಲ ಅನ್ನು" ಎಂದು ಸನ್ನೆ ಮಾಡಬೇಡಿ. ಆ ಕಡೆಯವರಿಗೆ ಕಾಣುತ್ತಿರುತ್ತದೆ.

ಆದೇಶ ಬಂದ ಮೇಲೆ

ರಜೆ ಮುಗಿಯಿತು, ಅಪ್ಪ ಮಗುವನ್ನು ಪುಣೆಯಿಂದ ಕಳಿಸಲಿಲ್ಲ. ಧಾರವಾಡ ಕೋರ್ಟಿನ ಆದೇಶ ಪುಣೆಯಲ್ಲಿ ನಡೆಯುತ್ತದೆಯೇ? ನಡೆಯುತ್ತದೆ. ಆದೇಶ ಕೊಟ್ಟ ಕೋರ್ಟಿನಲ್ಲೇ ಜಾರಿ ಅರ್ಜಿ ಹಾಕಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಕಲಂ ಅಡಿ ಅದನ್ನು ಪುಣೆ ಕೋರ್ಟಿಗೆ ಕಳಿಸಬಹುದು. ಇದು ನಿಧಾನ. ಹೈಕೋರ್ಟಿನ ಹೇಬಿಯಸ್ ಕಾರ್ಪಸ್ ದಾರಿಯೂ ಇದೆ, ಕೈಯಲ್ಲಿ ಆದೇಶವಿರುವುದರಿಂದ ಅದಕ್ಕೆ ಈಗ ಮೊದಲಿಗಿಂತ ಹೆಚ್ಚು ಬಲ. ಮಗುವನ್ನು ಹೊರರಾಜ್ಯಕ್ಕೆ ಕಳಿಸುವ ಪ್ರತಿ ಸಲವೂ ವಾಪಸ್ ಕರೆತರುವ ದಿನಾಂಕದೊಂದಿಗೆ ಎದುರಿನವರ ಅಫಿಡವಿಟ್ ಕೇಳಿ ಎಂದು ನಾನು ಹೇಳುವುದು ಇದಕ್ಕೇ.

ಕಸ್ಟಡಿ ಆದೇಶ ಎಂದೂ ಕೊನೆಯದಲ್ಲ. ಪರಿಸ್ಥಿತಿ ಬದಲಾದರೆ ಅದನ್ನೂ ಬದಲಿಸಬಹುದು ಎಂದು ಸುಪ್ರೀಂ ಕೋರ್ಟು 1973ರ ರೋಸಿ ಜೇಕಬ್ ಪ್ರಕರಣದಲ್ಲೇ ಹೇಳಿದೆ. ಮಗುವಿಗೆ ತಿಳಿವಳಿಕೆ ಬಂದ ಮೇಲೆ ಅದರ ಇಷ್ಟವನ್ನೂ ಕೋರ್ಟು ಕೇಳಬಹುದು. ಸಾಮಾನ್ಯವಾಗಿ ನ್ಯಾಯಾಧೀಶರು ಮಗುವನ್ನು ಚೇಂಬರಿಗೆ ಕರೆಸಿ, ದೊಡ್ಡವರನ್ನೆಲ್ಲ ಹೊರಗೆ ಕಳಿಸಿ ಮಾತಾಡುತ್ತಾರೆ.

ಬದಲಾವಣೆ ಎಲ್ಲಿ ಕೇಳಬೇಕು ಎಂಬಲ್ಲಿ ಆ ಎರಡು ದಾರಿಗಳ ವ್ಯತ್ಯಾಸ ಮತ್ತೆ ಎದುರಾಗುತ್ತದೆ. ನೇರ ಅರ್ಜಿಯಲ್ಲಿ ಆದೇಶವಾಗಿ, ಮಗು ಈಗ ಬೇರೆ ಊರಿನಲ್ಲಿ ನೆಲೆಸಿದ್ದರೆ ಹೊಸ ಅರ್ಜಿಗೆ ಆ ಊರಿನ ಕೋರ್ಟು. ಡೈವೋರ್ಸ್ ಡಿಕ್ರಿಯೊಳಗೆ ಆದ ಆದೇಶವನ್ನು ತಿದ್ದಬೇಕಾದರೆ ಡಿಕ್ರಿ ಕೊಟ್ಟ ಕೋರ್ಟಿಗೇ ಬರಬೇಕು. ಆ ಉಂಡಿ ಡಬ್ಬಿಯ ಹುಡುಗ ಈಗ ಎಂಟನೇ ಕ್ಲಾಸು. ಅಮ್ಮನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಅಪ್ಪ ಪುಣೆಯಲ್ಲೇ ಇದ್ದಾನೆ. ಧಾರವಾಡದಲ್ಲಿ ಈಗ ಇಬ್ಬರೂ ಇಲ್ಲ. ಆದರೂ ದಸರೆ ರಜೆಯ ಎರಡು ವಾಕ್ಯ ತಿದ್ದಿಸಲು ಕಳೆದ ತಿಂಗಳು ಅವಳು ಬೆಂಗಳೂರಿನಿಂದ, ಅವನು ಪುಣೆಯಿಂದ ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಹತ್ತೂವರೆಗೆ ನಮ್ಮ ಕೋರ್ಟಿನ ಕಾರಿಡಾರಿನಲ್ಲಿ ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದರು.